ತೋಳು ಮಡಚೋ ಮಾರಾಯಾ

ಆನಂದಪುರದ ಬಸ್‌ಸ್ಟ್ಯಾಂಡ್ ಹತ್ತಿರ ಚಾ ಕುಡಿಯುತ್ತ ನಿಂತರೆ ಯಾರಾದರೊಬ್ಬರು ಕೇಳದೆ ಬಿಡುವುದಿಲ್ಲ. "ನೀವು ಯೂನಿವರ್ಸಿಟೀಲಿ ಇದ್ದವರಂತೆ. ಎಂತ ಪಾಠ ಮಾಡ್ತಿದ್ರಿ?"

ಒಂದೇ ಪಾಠ, ಒಂದೇ ವಾಕ್ಯ, 28 ವರ್ಷ: "ತೋಳು ಮಡಚೋ ಮಾರಾಯಾ."

ಹೆಸರು ಬೇಡ, ದೂರದ ಒಂದು ವಿಶ್ವವಿದ್ಯಾಲಯ. ಅದರ ಹಿಂಬದಿಗೆ, ಕ್ಯಾಂಟೀನಿಗೂ ಜನರೇಟರ್ ಕೋಣೆಗೂ ನಡುವೆ ತಗಡಿನ ಮಾಡು ಹೊದ್ದ ಮೆಷಿನ್ ಶಾಪು. ಆರು ಲೇತು, ಎರಡು ಮಿಲ್ಲಿಂಗ್, ಒಂದು ಮುದಿ ಶೇಪರ್, ಮೂಲೆಯಲ್ಲಿ ಗ್ರೈಂಡರ್. ನಾನು ಅದಕ್ಕೆಲ್ಲ ಮೇಲ್ವಿಚಾರಕ. ಕೆಲಸ ಅಂದರೆ ಬೆರಳು ಎಣಿಸುವುದು. ಬೆಳಿಗ್ಗೆ ಮೂವತ್ತು ಹುಡುಗರು ಒಳಗೆ ಬಂದರೆ ಮುನ್ನೂರು ಬೆರಳು ಬಂದಂತಾಯಿತು. ಸಂಜೆ ಮುನ್ನೂರೂ ಹೊರಗೆ ಹೋಗಬೇಕು. ಪ್ರೊಫೆಸರುಗಳು ಮಾಡಿದ್ದೆಲ್ಲ ಅಚ್ಚಾಗಿ ಬರುತ್ತಿತ್ತು. ನಾನು ಮಾಡಿದ್ದು ಆಗದೇ ಹೋದದ್ದನ್ನು. ಅದನ್ನು ಯಾವ ಪತ್ರಿಕೆಯವರು ಅಚ್ಚು ಹಾಕುತ್ತಾರೆ?

ಮನೆಗೆ ಬಂದರೆ ಹೆಂಡತಿ ಕೇಳುತ್ತಿದ್ದಳು, "ಇವತ್ತು ಎಂತ ಆಯ್ತು?"

"ಎಂತದೂ ಆಗಲಿಲ್ಲ."

"ಅದಕ್ಕೂ ಸಂಬಳ ಕೊಡ್ತಾರಾ?"

ಕೊಡುತ್ತಿದ್ದರು.

ನಮ್ಮ ಲೇತುಗಳಲ್ಲಿ ಹಿರಿಯಣ್ಣ ಹರಿಹರದ ಕಿರ್ಲೋಸ್ಕರ್. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕೂಸು. ಹೆತ್ತ ಕಾರ್ಖಾನೆ ಬಾಗಿಲು ಹಾಕಿಕೊಂಡು ಎರಡು ದಶಕ ದಾಟಿತು, ಕೂಸು ಮಾತ್ರ ಎಣ್ಣೆ ಕುಡಿದುಕೊಂಡು ಗಟ್ಟಿಮುಟ್ಟಾಗಿ ತಿರುಗುತ್ತಲೇ ಇತ್ತು. ಲೇತಿಗೆ ಒಂದು ಗುಣ ಇದೆ. ಅದಕ್ಕೆ ಸಿಟ್ಟಿಲ್ಲ, ಹಸಿವಿಲ್ಲ, ಹಠವೂ ಇಲ್ಲ. ಕೊಟ್ಟದ್ದನ್ನು ಸುತ್ತಿಕೊಳ್ಳುತ್ತದೆ, ಅಷ್ಟೆ. ಕಬ್ಬಿಣದ ತುರಿಯೋ, ಅಂಗಿಯ ತೋಳೋ, ಜಡೆಯೋ, ಜನಿವಾರವೋ, ಜಾತಿಭೇದ ಮಾಡಿದ್ದನ್ನು ನಾನು ಕಂಡಿಲ್ಲ.

ಇದು ಗೊತ್ತಿದ್ದೇ ಮೊದಲ ದಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡುತ್ತಿದ್ದೆ. ಉಂಗುರ ತೆಗಿ, ಕೈಗಡಿಯಾರ ತೆಗಿ, ಕೊರಳ ಸರ ತೆಗಿ, ಕೂದಲು ಟೋಪಿಯೊಳಗೆ ತುರುಕು, ತೋಳು ಮಡಚು. ಮಡಚುವುದರಲ್ಲೂ ಶಾಸ್ತ್ರ ಉಂಟು: ಒಳಮುಖವಾಗಿ, ಮೊಣಕೈ ಮೇಲಿನವರೆಗೆ. ಹೊರಕ್ಕೆ ಮಡಚಿದರೆ ಆ ಮಡಿಕೆಯೇ ಲೇತಿಗೆ ಕೈಹಿಡಿಯಾಗುತ್ತದೆ. ಎಲ್ಲ ಮುಗಿಯಿತು ಅಂದುಕೊಂಡು ತಲೆ ಎತ್ತಿದರೆ, ಮೂವತ್ತೂ ಕೊರಳಲ್ಲಿ ಮೂವತ್ತು ಗುರುತಿನ ಚೀಟಿ ತೊನೆದಾಡುತ್ತಿವೆ! ಗೇಟಿನಲ್ಲಿ ಸೆಕ್ಯುರಿಟಿಯವರು "ಟ್ಯಾಗ್ ಹಾಕದೆ ಒಳಗೆ ಬಿಡಲ್ಲ" ಅನ್ನುತ್ತಾರೆ. ಶಾಪಿನ ಬಾಗಿಲಲ್ಲಿ ನಾನು "ಟ್ಯಾಗ್ ಹಾಕಿದರೆ ಒಳಗೆ ಬಿಡಲ್ಲ" ಅನ್ನುತ್ತೇನೆ. ಇಬ್ಬರೂ ಸುರಕ್ಷತೆಯ ಹೆಸರಲ್ಲೇ. ಗೇಟಿನವನು ನನ್ನ ಮೇಲೆ ಒಮ್ಮೆ ದೂರು ಕೊಟ್ಟ. ನಾನು ಅವನ ಮೇಲೆ ಎರಡು ಸಲ ಕೊಟ್ಟೆ. ಮೂರೂ ಅರ್ಜಿಗಳು ಒಂದೇ ಫೈಲಿನಲ್ಲಿ ಒಂದರ ಮೈಮೇಲೆ ಒಂದು ಬೆಚ್ಚಗೆ ಮಲಗಿಬಿಟ್ಟವು.

ಮಾರ್ಚ್ 4 ಬಂತೆಂದರೆ ಕಚೇರಿಗೆ ಸುರಕ್ಷತೆಯ ಜ್ವರ ಏರುತ್ತಿತ್ತು. 1966ರಲ್ಲಿ ಆ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿತೆಂದು ದೇಶಾದ್ಯಂತ ಒಂದು ವಾರ ಆಚರಣೆ. ನಮ್ಮಲ್ಲಿಗೆ ಒಂದು ಬ್ಯಾನರು, ಒಂದು ಪೆಟ್ಟಿಗೆ ಕೈಗವಸು ಬರುತ್ತಿದ್ದವು. ಬ್ಯಾನರನ್ನು ಕಟ್ಟಿದವರು ಬೆಂಕಿ ಆರಿಸುವ ಸಿಲಿಂಡರು ಸರಿಯಾಗಿ ಮುಚ್ಚಿಹೋಗುವಂತೆ ಕಟ್ಟುತ್ತಿದ್ದರು. ಕೈಗವಸನ್ನಂತೂ ನಾನು ಬೀರುವಿಗೆ ಹಾಕಿ ಬೀಗ ಜಡಿಯುತ್ತಿದ್ದೆ. ತಿರುಗುವ ಲೇತಿನ ಮುಂದೆ, ಡ್ರಿಲ್ಲಿನ ಮುಂದೆ ಕೈಗವಸು ಹಾಕಿಕೊಂಡು ನಿಲ್ಲುವಂತಿಲ್ಲ. ಬರಿಗೈಗೆ ತಾಗಿದರೆ ಚರ್ಮ ಹರಿದು ಬಿಟ್ಟೀತು. ಕೈಗವಸಿನ ದಾರ ಸಿಕ್ಕಿತೋ, ಅದು ಬಿಡುವುದಿಲ್ಲ, ಕೈಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಇದನ್ನು ಕಚೇರಿಗೆ ಬರೆದು ತಿಳಿಸಿದೆ. ಮುಂದಿನ ವರ್ಷ ಕೈಗವಸು ಎರಡು ಪೆಟ್ಟಿಗೆ ಬಂತು.

ಇನ್ನು ಚಕ್ ಕೀ. ಲೇತಿನ ಬಾಯಿಗೆ ಚಕ್ ಅನ್ನುತ್ತೇವೆ. ಅದನ್ನು ಬಿಗಿಯುವುದು ಟಿ ಆಕಾರದ ಒಂದು ದಪ್ಪ ಕೀಲಿಯಿಂದ. ಬಿಗಿದಾದ ಮೇಲೆ ಕೀಲಿ ಕೈಯಲ್ಲಿರಬೇಕು, ಇಲ್ಲವೇ ಅದರ ಗೂಡಿನಲ್ಲಿ. ಮೂರನೆಯ ಜಾಗ ಅದಕ್ಕಿಲ್ಲ. ಒಮ್ಮೆ ಒಬ್ಬ ಹುಡುಗ, ಅಕ್ಷರದಲ್ಲಿ ಮುತ್ತಿನಂಥವನು, ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟು ಕ್ಯಾಲಿಪರ್ ತರಲು ಹೋದ. ತಂದ. ಅಳತೆ ನೋಡಿದ. ತಲೆದೂಗಿದ. ಕೈ ಲಿವರಿಗೆ ಹೋಯಿತು. "ಕೀ!" ಅಂತ ನಾನು ಕೂಗಿದ ರಭಸಕ್ಕೆ ಇಡೀ ಶಾಪು ನಿಂತಿತು. ಬಾಗಿಲ ಬಳಿ ಕೂತಿದ್ದ ಅಟೆಂಡರು ಕಿಸೆ ತಡವಿಕೊಂಡು, "ಇಲ್ಲೇ ಉಂಟು ಸಾರ್" ಅಂತ ತನ್ನ ಬೈಕಿನ ಕೀ ತೋರಿಸಿದ.

ಆ ಹುಡುಗನಿಗೆ ನಾನು ಬೈಯಲಿಲ್ಲ. ಮಾಡಿನ ಕಡೆ ಬೆರಳು ತೋರಿಸಿದೆ. ತಗಡಿನಲ್ಲಿ ಒಂದು ಉಬ್ಬು, ಹೊರಮುಖವಾಗಿ. ನನಗಿಂತ ಹಿಂದಿನವರ ಕಾಲದಲ್ಲಿ ಹಾರಿದ ಕೀಲಿಯ ರುಜು ಅದು. ತಗಡು ಬದಲಿಸುತ್ತೇವೆಂದು ಕಟ್ಟಡದವರು ಎರಡು ಬಾರಿ ಬಂದಾಗಲೂ ನಾನೇ ಅಡ್ಡ ನಿಂತು ಆ ಒಂದು ಹಾಳೆಯನ್ನು ಉಳಿಸಿಕೊಂಡಿದ್ದೆ. ಮಳೆಗಾಲದಲ್ಲಿ ಅಲ್ಲೇ ಸೋರುತ್ತಿತ್ತು. ಸೋರಲಿ, ಕೆಳಗೆ ಬಕೆಟ್ ಇಟ್ಟರಾಯಿತು.

ಗ್ರೈಂಡರಿನ ಕಲ್ಲು ಬದಲಿಸುವ ದಿನ ನಾನು ಸಂಗೀತ ವಿದ್ವಾಂಸ. ಹೊಸ ಕಲ್ಲನ್ನು ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಟಣ್ ಎಂದರೆ ಕಲ್ಲು ಸರಿ. ದಬ್ ಎಂದರೆ ಒಳಗೆ ಬಿರುಕು, ತಿರುಗಿಸಿದರೆ ಚೂರುಚೂರಾಗಿ ಮೈಮೇಲೆ ಬರುತ್ತದೆ. ಹುಡುಗರು ಇದನ್ನು ಯಾವುದೋ ಜರ್ಮನ್ ವಿದ್ಯೆ ಅಂದುಕೊಂಡು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನಮ್ಮಜ್ಜಿ ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಗೆಣ್ಣಿನಿಂದ ಇದನ್ನೇ ಮಾಡುತ್ತಿದ್ದಳು.

ಆಯುಧಪೂಜೆಯ ದಿನ ಮಾತ್ರ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ಪೂಜೆಯಾದ ಯಂತ್ರವನ್ನು ಆವತ್ತು ಓಡಿಸುವಂತಿಲ್ಲವಲ್ಲ! ಕುಂಕುಮ, ವಿಭೂತಿ, ಬೂದುಗುಂಬಳ, ಚೆಂಡುಹೂವಿನ ಹಾರ, ಮಂಡಕ್ಕಿ. ವರ್ಷವಿಡೀ ಲೇತಿನ ಮೇಲೆ ಊಟದ ಡಬ್ಬಿ ಇಡುತ್ತಿದ್ದವರೂ ಆವತ್ತು ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು. ಮರುದಿನದಿಂದ ಮತ್ತೆ ಸಲುಗೆ. ಒಂದು ವರ್ಷ ರಜೆ ಮುಗಿಸಿ ಬಂದ ಒಬ್ಬ ಪುಣ್ಯಾತ್ಮ ಚಕ್ಕಿಗೆ ಹಾಕಿದ್ದ ಹಾರ ತೆಗೆಯದೆ ಸ್ವಿಚ್ ಒತ್ತಿದ. ದಳಗಳು ಗೋಡೆಗೆ ಹಾರಿದವು, ದಾರ ಒಳಗೆ ಹೋಯಿತು. ಕಣ್ಣು ಮಿಟುಕಿಸುವುದರೊಳಗೆ ಹಾರವಿಲ್ಲ. ಸುತ್ತಿಕೊಂಡ ದಾರವನ್ನು ಹ್ಯಾಕ್‌ಸಾ ಬ್ಲೇಡಿನಿಂದ ಕೊಯ್ದು ತೆಗೆಯಬೇಕಾಯಿತು, ಅಷ್ಟು ಬಿಗಿ. ಆ ಉಂಡೆಯನ್ನು ಹಾರ್ಲಿಕ್ಸ್ ಬಾಟ್ಲಿಯಲ್ಲಿ ಹಾಕಿ ಮೇಜಿನ ಮೇಲಿಟ್ಟೆ. ಹೊಸ ಹುಡುಗ ಬಂದ ಕೂಡಲೇ ಬಾಟ್ಲಿ ತೋರಿಸುವುದು: "ಇದು ಬರೀ ಹೂವಿನ ದಾರ. ನಿನ್ನ ಟ್ಯಾಗು ನೈಲಾನು." ಕೈ ತಾನಾಗಿ ಕೊರಳಿಗೆ ಹೋಗಿ ಟ್ಯಾಗು ಕಿಸೆ ಸೇರುತ್ತಿತ್ತು.

ನಗೆಯಾಡುವಾಗಲೂ ಒಂದು ಸುದ್ದಿ ಮನಸ್ಸಿನಲ್ಲಿ ಕೂತೇ ಇರುತ್ತದೆ. 2011ರ ಏಪ್ರಿಲ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ, ಇನ್ನೇನು ಪದವಿ ಮುಗಿಸಲಿದ್ದ ಭೌತಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ರಾತ್ರಿ ಮೆಷಿನ್ ಶಾಪಿನಲ್ಲಿ ಒಬ್ಬಳೇ ಕೆಲಸ ಮಾಡುತ್ತಿದ್ದಾಗ ಕೂದಲು ಲೇತಿಗೆ ಸಿಕ್ಕಿ ಸತ್ತಳು. ಅಷ್ಟು ದೊಡ್ಡ ಹೆಸರು, ಅಷ್ಟು ದುಡ್ಡಿನ ಜಾಗ. ಸ್ವಿಚ್ ಆರಿಸಲು ಪಕ್ಕದಲ್ಲಿ ಒಬ್ಬರಿರಲಿಲ್ಲ. ಅದನ್ನು ಓದಿದ ಮರುದಿನದಿಂದ ನಮ್ಮಲ್ಲಿ ಸಂಜೆ ಐದೂವರೆಗೆ ಮುಖ್ಯ ಸ್ವಿಚ್ಚಿಗೆ ಬೀಗ, ಬೀಗದ ಕೈ ನನ್ನ ಪಂಚೆಯ ಗಂಟಿನಲ್ಲಿ. ಪ್ರಾಜೆಕ್ಟ್ ಮುಗಿಯಲಿಲ್ಲವೆಂದು ಹುಡುಗರು ಮನೆತನಕ ಬಂದು ಬೈದು ಹೋಗಿದ್ದಾರೆ. ಹೆಂಡತಿ ಅವರಿಗೆ ಕಾಫಿ ಕೊಟ್ಟು ಕಳಿಸುತ್ತಿದ್ದಳು.

ಕಾನೂನು ಇರಲಿಲ್ಲವೇ ಅಂದರೆ, ಇತ್ತು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಯಂತ್ರಕ್ಕೆ ಬೇಲಿ ಹಾಕಿ ಅಂತಲೂ ಇತ್ತು, ಓಡುವ ಯಂತ್ರದ ಹತ್ತಿರ ಹೋಗುವವನಿಗೆ ಬಿಗಿಯುಡುಪು ಕೊಡಿ ಅಂತಲೂ ಇತ್ತು. ಬರೆದವರ ಕಣ್ಣೆದುರು ಇದ್ದವನು ಗಿರಣಿಯ ಕಾರ್ಮಿಕ, ಪರೀಕ್ಷೆಗೆ ಮೂರು ದಿನ ಇರುವಾಗ ಓಡಿಬರುವ ನಮ್ಮ ವಿದ್ಯಾರ್ಥಿ ಅಲ್ಲ. ಅವನಿಗೆ ಬೇಕಾದದ್ದು ಕಾಯ್ದೆಗಿಂತ ಕಿರಿಕಿರಿ. ಆ ಹುದ್ದೆ ನನ್ನದು.

ಈಗ ನಿವೃತ್ತ. ಊರಿಗೆ ಬಂದರೆ ವಿಶ್ವವಿದ್ಯಾಲಯವೇ ಬೆನ್ನು ಹತ್ತಿ ಬಂದು ಇರುವಕ್ಕಿಯಲ್ಲಿ ಕೂತಿದೆ. ಕೃಷಿ ಮತ್ತು ತೋಟಗಾರಿಕೆಯದು, ಕೆಳದಿ ಶಿವಪ್ಪನಾಯಕನ ಹೆಸರಿನದು. ಒಳ್ಳೆಯ ಹೆಸರು. ನಮ್ಮ ಸೀಮೆಯಲ್ಲಿ 'ಶಿಸ್ತಿನ ಶಿವಪ್ಪನಾಯಕ' ಅಂದರೆ ಮಕ್ಕಳು ಬೆತ್ತ ಹಿಡಿದ ಹೆಡ್‌ಮಾಸ್ತರನ್ನು ಊಹಿಸಿಕೊಳ್ಳುತ್ತಾರೆ. ಆ ಶಿಸ್ತು ಅಸಲಿಗೆ ಕಂದಾಯದ್ದು. ಬಗೆಬಗೆಯ ಹೊಲಗಳನ್ನು ಹನ್ನೆರಡು ವರ್ಷ ತಾನೇ ಸಾಗು ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು ಎಂದು ಲೆಕ್ಕ ಇಡಿಸಿ ಆಮೇಲೆ ತೆರಿಗೆ ಕಟ್ಟಿದನೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಹನ್ನೆರಡು ವರ್ಷ ಲೆಕ್ಕ ಇಟ್ಟವನು! ನನಗೆ ಆತ್ಮೀಯ ಅನ್ನಿಸುವುದು ಅದಕ್ಕೇ. ನಾನು 28 ವರ್ಷ ಬೆರಳಿನ ಲೆಕ್ಕ ಇಟ್ಟವನು.

ಚಾ ಅಂಗಡಿಗೆ ಅಲ್ಲಿನ ಹುಡುಗರು ಬರುತ್ತಾರೆ, ಕೊರಳಲ್ಲಿ ಟ್ಯಾಗು. ಬಾಯಿ ಸುಮ್ಮನಿರುತ್ತದಾ? ಒಬ್ಬನನ್ನು ಹಿಡಿದು ಕೇಳಿದೆ, "ಟ್ರ್ಯಾಕ್ಟರಿನ ಪಿಟಿಒ ಶಾಫ್ಟು ನಿಮಿಷಕ್ಕೆ ಎಷ್ಟು ಸುತ್ತು?" "540" ಅಂದ, ಥಟ್ಟನೆ. "ಅಂದರೆ ಸೆಕೆಂಡಿಗೆ ಒಂಬತ್ತು. 'ಅಯ್ಯೋ' ಅನ್ನೋಕೆ ಎಷ್ಟು ಹೊತ್ತು ಬೇಕು?" ಹುಡುಗ ಯೋಚಿಸಿ, "ಒಂದು ಸೆಕೆಂಡು" ಅಂದ. ಟ್ಯಾಗನ್ನು ಅಂಗಿಯೊಳಗೆ ಹಾಕಿಕೊಂಡ. ಚಾದ ದುಡ್ಡು ನಾನೇ ಕೊಟ್ಟೆ.

ಊರಿನಲ್ಲಿ ಕ್ಯಾಂಪಸ್ಸೇ ಬೇಕೆಂದಿಲ್ಲ. ಅಡಿಕೆ ಕೊಯ್ಲು ಶುರುವಾದರೆ ಅಂಗಳಕ್ಕೊಂದು ಮೆಷಿನ್ ಶಾಪು. ಮೊನ್ನೆ ಪಕ್ಕದ ಮನೆಗೆ ಹೋದೆ. ಅಡಿಕೆ ಸುಲಿಯುವ ಯಂತ್ರ ಭರ್ರೆಂದು ಓಡುತ್ತಿದೆ, ಬೆಲ್ಟು ಬತ್ತಲೆ, ಅದರಿಂದ ಒಂದು ಗೇಣು ದೂರಕ್ಕೆ ಮನೆಯವರ ಲುಂಗಿಯ ಚುಂಗು.

"ಇದರ ಗಾರ್ಡ್ ಎಲ್ಲಿ?"

"ಅದಾ? ಬೆಲ್ಟು ಬದಲಿಸೋಕೆ ಅಡ್ಡ ಆಗ್ತಿತ್ತು, ಬಿಚ್ಚಿಟ್ಟಿದ್ದೆ."

"ಬಿಚ್ಚಿ ಎಲ್ಲಿಟ್ಟಿದ್ದೀರಿ?"

ಕೊಟ್ಟಿಗೆಯ ಮೂಲೆ ತೋರಿಸಿದರು. ಬೆಲ್ಟಿನ ಜಾಲರಿ ಗಾರ್ಡು ಮಗುಚಿ ಕೂತಿದೆ, ಒಳಗೆ ಒಂದು ಕೋಳಿ, ಏಳು ಮರಿ. ಮುಂಗುಸಿಯ ಕಾಟವಂತೆ. ಕಂಪನಿಯವರು ಗಾಳಿ ಆಡಲೆಂದು ಬಿಟ್ಟ ತೂತುಗಳು ಮರಿಗಳಿಗೆ ಹೇಳಿಮಾಡಿಸಿದಂತಿವೆ. ನಾನು 28 ವರ್ಷದ ಅನುಭವವನ್ನೆಲ್ಲ ಸುರಿದು ಅರ್ಧ ಗಂಟೆ ಭಾಷಣ ಮಾಡಿದೆ. ಅವರು ಕವಳ ಜಗಿಯುತ್ತ ಪೂರ್ತಿ ಕೇಳಿ, "ಎಲ್ಲ ಸರಿ ಮಾರಾಯ್ರೇ, ಕೋಳಿ ಎಲ್ಲಿಗೆ ಹೋಗಬೇಕು?" ಅಂದರು.

ಸಂತೆಗೆ ಹೋಗಿ ಒಂದು ದೊಡ್ಡ ಬಿದಿರಿನ ಬುಟ್ಟಿ ತಂದೆ. ನಾನೇ ಸ್ಪ್ಯಾನರು ಹಿಡಿದು ಗಾರ್ಡ್ ಕೂರಿಸಿ ನಾಲ್ಕೂ ಬೋಲ್ಟು ಬಿಗಿದೆ. ಅವರು ಬುಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಮೆಚ್ಚಿಕೊಂಡರು.

"ಚೆನ್ನಾಗಿದೆ. ಇನ್ನೊಂದು ತಂದಿದ್ದರೆ ಮೋಟರ್ ಬದಿಯ ಗಾರ್ಡೂ ಹಾಕಬಹುದಿತ್ತು. ಅದರ ಅಡಿಗೆ ಹುಂಜ ಉಂಟು."