ಸೆನ್ಸರಿ ಟ್ರೇಯಲ್ಲಿ ಮಣ್ಣೆತ್ತು

ಮಗು ಮುಟ್ಟಿ, ಹಿಸುಕಿ, ಸುರಿದು, ಮೂಸಿ ಲೋಕವನ್ನು ಅರಿಯುವ ಬಗೆಗೆ ಶಿಶುಶಿಕ್ಷಣದಲ್ಲಿ ‘ಸೆನ್ಸರಿ ಪ್ಲೇ’, ಅಂದರೆ ಇಂದ್ರಿಯಾನುಭವದ ಆಟ, ಎಂಬ ಹೆಸರಿದೆ. ಹೊರನಾಡ ಕನ್ನಡ ಮನೆಗಳಲ್ಲಿ ಈ ಆಟಕ್ಕೆ ಶನಿವಾರ ಬೆಳಿಗ್ಗೆ ಹತ್ತರಿಂದ ಹತ್ತೂಮುಕ್ಕಾಲರವರೆಗೆ ವೇಳೆ ಗೊತ್ತುಮಾಡಿದ್ದು, ನೆಲಕ್ಕೆ ಪ್ಲಾಸ್ಟಿಕ್ ಹಾಳೆ, ಮಗುವಿಗೆ ಏಪ್ರನ್, ಪಕ್ಕದಲ್ಲಿ ವೆಟ್ ವೈಪ್ಸ್ ಸಿದ್ಧವಾಗದೆ ಅದು ಆರಂಭವಾಗುವಂತಿಲ್ಲ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಂಥ ಬಂಡೆಗಲ್ಲುಗಳ ಊರಿನಿಂದ ಮೊಮ್ಮಗುವನ್ನು ನೋಡಿಕೊಳ್ಳಲು ಆರು ತಿಂಗಳ ಮಟ್ಟಿಗೆ ನ್ಯೂಜೆರ್ಸಿಗೆ ಬರುವ ಅಜ್ಜಿಯ ಮುಂದೆ, ವಿನೆಗರ್ ಮತ್ತು ಬಣ್ಣ ಬೆರೆಸಿ ನೀಲಿ ಮಾಡಿದ ಸೋನಾಮಸೂರಿ ಅಕ್ಕಿಯ ಟ್ರೇ ಬಂದಾಗ ಮೊದಲ ಬಿಕ್ಕಟ್ಟು ತಲೆದೋರುತ್ತದೆ. “ಉಣ್ಣೋ ಅಕ್ಕೀಗೆ ಬಣ್ಣ ಕಲಸೀಯಲ್ಲವ್ವಾ” ಎಂಬ ಆಕ್ಷೇಪಕ್ಕೆ ಸೊಸೆ, ಬೆರಳಿನ ಸಣ್ಣ ಸ್ನಾಯುಗಳ ಹಿಡಿತ, ಅಂದರೆ ‘ಫೈನ್ ಮೋಟರ್’ ಸಾಮರ್ಥ್ಯ, ಇದರಿಂದ ಬಲಗೊಳ್ಳುತ್ತದೆಂದು ಸಮಾಧಾನ ಹೇಳುತ್ತಾಳೆ. ವಾದ ಸುಳ್ಳಲ್ಲ, 1907ರಲ್ಲಿ ರೋಮಿನಲ್ಲಿ ‘ಮಕ್ಕಳ ಮನೆ’ ತೆರೆದ ಮಾರಿಯಾ ಮಾಂಟೆಸ್ಸರಿ, ಬಡಗಿಗಳು ಬಳಸುವ ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ, ಅದರ ಮೇಲೆ ಮಕ್ಕಳ ಬೆರಳಾಡಿಸಿ, ಬರೆಯುವ ಮೊದಲೇ ಅಕ್ಷರದ ತಿರುವು ಕೈಗೆ ಪರಿಚಯವಾಗುವಂತೆ ಮಾಡಿದ್ದರು. ಆದರೆ ಅಕ್ಷರಾಭ್ಯಾಸದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಮಗನ ಬೆರಳು ಹಿಡಿದು ತಿದ್ದಿಸಿದ್ದ ಅಜ್ಜಿಗೆ ಇದರಲ್ಲಿ ಹೊಸತಾಗಿ ಕಾಣುವುದು ನೀಲಿ ಬಣ್ಣವೊಂದೇ.

ಎರಡನೆಯ ಬಿಕ್ಕಟ್ಟು ಕಾರಹುಣ್ಣಿಮೆ ಕಳೆದ ಮೇಲೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯದು. ಜ್ಯೇಷ್ಠ ಮಾಸದ ಈ ಕೊನೆಯ ದಿನ ಉತ್ತರ ಕರ್ನಾಟಕದ ಮನೆಗಳಲ್ಲಿ ಎರೆಮಣ್ಣನ್ನು ಹದವಾಗಿ ನಾದಿ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಕಣ್ಣಿಗೆ ಕಾಳು ಒತ್ತುವ, ಮುರಿದ ಕೋಡಿಗೆ ನೀರು ಹಚ್ಚಿ ಕೂಡಿಸುವ ಮಗುವಿಗೆ ಹದ, ತೂಕ, ಜೋಡಿ, ಎಡ-ಬಲಗಳೆಲ್ಲ ಪಠ್ಯಕ್ರಮದ ಹಂಗಿಲ್ಲದೆ ತಿಳಿಯುತ್ತವೆ. ಅನುಮತಿಪತ್ರವಿಲ್ಲದೆ ಅಮೆರಿಕಕ್ಕೆ ಮಣ್ಣು ತರುವುದು ನಿಷಿದ್ಧವಾದ್ದರಿಂದ, ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಕೂರಬೇಕಿದ್ದ ಎರೆಮಣ್ಣು ಊರಲ್ಲೇ ಉಳಿದು, ಎತ್ತುಗಳು ಪ್ಲೇ-ಡೋನಲ್ಲಿ ಗುಲಾಬಿ, ಹಸಿರು ಬಣ್ಣ ತಳೆದು ಅವತರಿಸುತ್ತವೆ. ಗೋದಿಹಿಟ್ಟು, ನೀರು, ಉಪ್ಪು ಸೇರಿದ ಈ ಕಣಕವು ಮೊದಲು ಕಲ್ಲಿದ್ದಲ ಮಸಿ ಹತ್ತಿದ ಗೋಡೆಕಾಗದ ಒರೆಸಲೆಂದು ಸಿನ್ಸಿನಾಟಿಯಲ್ಲಿ ತಯಾರಾಗುತ್ತಿದ್ದು, ಶಿಶುವಿಹಾರದ ಮಕ್ಕಳ ಕೈಗೆ ಸಿಕ್ಕಮೇಲೆ 1956ರಲ್ಲಿ ಆಟಿಕೆಯಾಗಿ ಮಾರುಕಟ್ಟೆಗೆ ಬಂತು. ಗೋಡೆ ಒರೆಸುತ್ತಿದ್ದ ಹಿಟ್ಟು ಎತ್ತಾಗಿ ಪೂಜೆಗೊಳ್ಳುವುದನ್ನು ಬಡ್ತಿಯೆಂದೇ ಎಣಿಸಬೇಕು.

ಇಷ್ಟೆಲ್ಲ ಸರಿಹೋದರೂ ಕಲಿಕೆ ಕೈತಪ್ಪುವುದು ಕೊನೆಯ ಹತ್ತು ನಿಮಿಷಗಳಲ್ಲಿ. ಬಂಧುಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಹೋಗಬೇಕಾದ್ದರಿಂದ ತಂದೆ ಹಿಣಿಲು ತಿದ್ದುತ್ತಾನೆ, ತಾಯಿ ಕೋಡು ಚೂಪು ಮಾಡುತ್ತಾಳೆ, ಅಜ್ಜಿ ಬಾಲ ಬದಲಿಸುತ್ತಾಳೆ, ಮಗುವಿನ ಪಾಲಿಗೆ ವೆಟ್ ವೈಪ್ಸ್ ಉಳಿಯುತ್ತವೆ. ಮಾಡಿ, ಕೆಡಿಸಿ, ಮತ್ತೆ ಮಾಡುವ ಬೆರಳುಗಳಿಗಷ್ಟೇ ಈ ಆಟದ ಫಲ ಸಲ್ಲುವುದರಿಂದ, ಮೂರು ಕಾಲಿನ ಎತ್ತು ಗೋಡೆಗೆ ಒರಗಿ ನಿಂತರೂ ನಾಲ್ಕನೆಯ ಕಾಲು ಅಂಟಿಸಲು ದೊಡ್ಡವರು ಕೈಹಾಕಬಾರದು. ಗುಂಪಿಗೆ ಆ ಎತ್ತಿನ ಫೋಟೊವನ್ನೇ ಕಳಿಸತಕ್ಕದ್ದು.