ಕೆಲಸ ಹುಡುಕೋ ಕೆಲಸ

ಈಗಿನ ಕಾಲದಲ್ಲಿ ಕೆಲಸ ಹುಡುಕೋದೂ ಒಂದು ಕೆಲಸವೇ ಕಣ್ರೀ. ನಿಮ್ಮ ಮಗಳ ರೂಮಿನಲ್ಲಿ ರಾತ್ರಿ ಹನ್ನೊಂದಾದರೂ ದೀಪ ಉರೀತಿರುತ್ತೆ, ನಮ್ಮ ಅಡುಗೆಮನೆ ಕಿಟಕಿಗೆ ಕಾಣುತ್ತಲ್ಲ. ನೌಕ್ರಿಯಲ್ಲಿ ಒಂದಷ್ಟು, ಲಿಂಕ್ಡ್‌ಇನ್‌ನಲ್ಲಿ ಒಂದಷ್ಟು, ಕಂಪನಿಗಳ ಸ್ವಂತ ಸೈಟಿನಲ್ಲಿ ಮತ್ತಷ್ಟು. 'ಅಪ್ಲೈ' ಒತ್ತೋಕೆ ಏನು ಕಷ್ಟ? ಎಲ್ಲೆಲ್ಲಿ ಒತ್ತಿದ್ದೀನಿ ಅಂತ ನೆನಪಿಟ್ಟುಕೊಳ್ಳೋದೇ ಕಷ್ಟ, ಅಲ್ವಾ?

ನನ್ನ ತಂಗಿ ಮಗನಿಗೆ ಹಾಗೇ ಆಯ್ತು. ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನಲ್ಲಿ ನೇತಾಡ್ತಾ ನಿಂತಿದ್ದಾನೆ, ಎಚ್‌ಆರ್ ಫೋನು. "ಈ ಪೋಸ್ಟಿಗೆ ಯಾಕೆ ಅಪ್ಲೈ ಮಾಡಿದ್ರಿ?" ಅಂದರಂತೆ. ಯಾವ ಪೋಸ್ಟು, ಯಾವ ಕಂಪನಿ, ಒಂದೂ ತಲೆಗೆ ಹೊಳೀಲಿಲ್ಲ. ಪಾಪ, ಕಕ್ಕಾಬಿಕ್ಕಿಯಾಗಿಬಿಟ್ಟ. ಅವತ್ತೇ ಸಂಜೆ ಕೂತು ಗೂಗಲ್ ಶೀಟ್ ಮಾಡಿದ. ಕಂಪನಿ ಹೆಸರು, ಹಾಕಿದ ತಾರೀಖು, ಯಾವ ರೆಸ್ಯೂಮೆ ಕಳಿಸಿದ್ದು, ಯಾರ ಹತ್ತಿರ ಮಾತಾಡಿದ್ದು, ಕೊನೆಯಲ್ಲಿ 'ಮುಂದೇನು' ಅಂತ ಒಂದು ಕಾಲಂ. ನನಗೆ ಬಹಳ ಹಿಡಿಸಿದ್ದು ಆ 'ಮುಂದೇನು'. ಬುಧವಾರ ಮೇಲ್ ಹಾಕಬೇಕು, ಸೋಮವಾರದವರೆಗೆ ಕಾಯಬೇಕು, ಕಾದಿದ್ದು ಸಾಕು ಬಿಡಬೇಕು, ಎಲ್ಲ ಅಲ್ಲೇ ಇರುತ್ತೆ.

ಇನ್ನೊಂದು ಜಾಣತನ ಮಾಡಿದ್ದಾನೆ ನೋಡಿ. ಕೆಲಸದ ವಿವರ ಇರೋ ಪುಟವನ್ನ ಅರ್ಜಿ ಹಾಕಿದ ದಿನವೇ ಪಿಡಿಎಫ್ ಮಾಡಿ ಇಟ್ಟುಕೊಳ್ತಾನೆ. ಇಂಟರ್‌ವ್ಯೂಗೆ ಕರೆಯೋ ಹೊತ್ತಿಗೆ ಎಷ್ಟೋ ಸಲ ಆ ಜಾಹೀರಾತನ್ನೇ ತೆಗೆದುಹಾಕಿರ್ತಾರೆ. ಆಮೇಲೆ ಅವರು ಏನು ಬೇಕು ಅಂದಿದ್ದರು ಅಂತ ಯಾರನ್ನ ಕೇಳೋದು?

ಇದನ್ನೆಲ್ಲ ನೋಡಿದರೆ ನಮ್ಮಪ್ಪನ ನೋಟ್‌ಬುಕ್ ನೆನಪಾಗುತ್ತೆ. ಆಗ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಕಾಲ. ಸರ್ಕಾರಿ ಕಚೇರಿಯವರು, 25 ಜನರಿಗಿಂತ ಕಡಿಮೆಯಿಲ್ಲದ ಖಾಸಗಿಯವರು, ಖಾಲಿ ಇರೋ ಕೆಲಸಗಳನ್ನ ಅಲ್ಲಿಗೆ ತಿಳಿಸಬೇಕು ಅಂತ 1959ರಲ್ಲೇ ಕಾನೂನು ಬಂದಿತ್ತಲ್ಲ. ಕಾರ್ಡ್ ರಿನ್ಯೂವಲ್ ತಪ್ಪಿಸಿದರೆ ಸೀನಿಯಾರಿಟಿ ಹೋಯ್ತು ಅಂತ ಮನೆಯವರಿಗೆಲ್ಲ ಆತಂಕ. ಮಾರ್ಕ್ಸ್ ಕಾರ್ಡಿಗೆ ಗೆಜೆಟೆಡ್ ಆಫೀಸರ್ ಸಹಿ ಹಾಕಿಸೋಕೆ ಅವರ ಮನೆ ಬಾಗಿಲಲ್ಲಿ ಕಾಯೋದು ಬೇರೆ. ಅಪ್ಪ ಪ್ರತಿ ಅರ್ಜಿಗೂ ಒಂದು ಪುಟ ಬಿಡ್ತಿದ್ದರು: ಮೇಲೆ ಹುದ್ದೆ, ಕೆಳಗೆ ಪೋಸ್ಟಲ್ ಆರ್ಡರ್ ನಂಬರು, ಪಕ್ಕದಲ್ಲಿ ಅನ್ನದ ಅಗುಳು ಸವರಿ ಅಂಟಿಸಿದ ರಿಜಿಸ್ಟರ್ಡ್ ಪೋಸ್ಟ್ ರಸೀದಿ. ಆ ಅಗುಳು ಒಣಗಿ ಕಾಗದ ಉಬ್ಬಿಕೊಂಡಿರ್ತಿತ್ತು, ಪುಸ್ತಕ ಮುಚ್ಚೋಕೇ ಬರ್ತಿರಲಿಲ್ಲ. ಅದೇ ಲೆಕ್ಕ ಈಗ ಶೀಟಿಗೆ ಬಂದಿದೆ, ಅಷ್ಟೇ.

ಹಾಂ, ರೆಸ್ಯೂಮೆ ವಿಷಯ ಬಿಟ್ಟೇಹೋಯ್ತು. ಎರಡು ಕಾಲಂ, ಬಣ್ಣದ ಪಟ್ಟಿ, ಫೋಟೋ ಎಲ್ಲ ಯಾಕೆ ಬೇಕು ಹೇಳಿ? ದೊಡ್ಡ ಕಂಪನಿಗಳಲ್ಲಿ ಮೊದಲು ಅದನ್ನ ಸಾಫ್ಟ್‌ವೇರ್ ಓದೋದೇ ಹೆಚ್ಚು, ಟೇಬಲ್ ಒಳಗಿನ ಅಕ್ಷರ ಅದಕ್ಕೆ ಎಷ್ಟೋ ಸಲ ಅಡ್ಡಾದಿಡ್ಡಿಯಾಗಿ ಕಾಣುತ್ತೆ. ಸಾದಾ ಒಂದೇ ಕಾಲಂ ಸಾಕು. ಜಾಹೀರಾತಿನಲ್ಲಿ ಕೇಳಿರೋದು ತನಗೆ ನಿಜವಾಗಿ ಬರುತ್ತೆ ಅಂತಾದರೆ, ಅವರು ಬಳಸಿರೋ ಮಾತನ್ನೇ ಬರೀಲಿ. ನೋಟಿಸ್ ಪೀರಿಯಡ್ 90 ದಿನ ಇದ್ದರೆ 90 ಅಂತಲೇ ಹೇಳಲಿ, ಮುಚ್ಚಿಟ್ಟರೆ ಆಫರ್ ಬಂದ ಮೇಲೆ ರಾಮಾಯಣ. ಯಾರಾದರೂ ಲ್ಯಾಪ್‌ಟಾಪ್ ಡೆಪಾಸಿಟ್ಟು, ಟ್ರೇನಿಂಗ್ ಫೀಸು ಅಂತ ದುಡ್ಡು ಕೇಳಿದರೆ ಅಲ್ಲಿಗೆ ಫೋನ್ ಇಟ್ಟುಬಿಡಲಿ. ಕೆಲಸ ಕೊಡೋರು ನಮ್ಮ ಹತ್ತಿರ ದುಡ್ಡು ಯಾಕೆ ಕೇಳ್ತಾರೆ, ಅಲ್ವಾ?

ಒಂದು ಮಾತು ಹೇಳಲಾ? ರಾತ್ರಿಯೆಲ್ಲ ಸಿಕ್ಕಸಿಕ್ಕಿದ್ದಕ್ಕೆ ಅಪ್ಲೈ ಒತ್ತೋದಕ್ಕಿಂತ, ಬೆಳಿಗ್ಗೆ ಎರಡು ಗಂಟೆ ಕೂತು ತನಗೆ ಸರಿಹೊಂದೋ ನಾಲ್ಕಕ್ಕೆ ಹಾಕಿದರೂ ಸಾಕು. ಉಳಿದ ಹೊತ್ತಲ್ಲಿ ಗೊತ್ತಿದ್ದವರ ಹತ್ತಿರ ಮಾತಾಡಲಿ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರಲ್ಲ. ಸಂಕೋಚ ಏನೂ ಬೇಡ. ಎಷ್ಟೋ ಕಂಪನಿಗಳಲ್ಲಿ ರೆಫರ್ ಮಾಡಿದವರಿಗೂ ಬೋನಸ್ ಕೊಡ್ತಾರೆ, ಅವರಿಗೂ ಖುಷಿಯೇ. ನಿಮ್ಮ ನಾದಿನಿ ಮಗ ವೈಟ್‌ಫೀಲ್ಡ್‌ನಲ್ಲೇ ಇದ್ದಾನಲ್ವಾ? ಅವನಿಗೊಂದು ಮೆಸೇಜ್ ಹಾಕೋಕೆ ಹೇಳಿ. ಬರೀ "ಎಲ್ಲಾದರೂ ಇದ್ರೆ ನೋಡಣ್ಣ" ಅಂದರೆ ಅವನು ತಾನೇ ಏನು ಮಾಡ್ತಾನೆ? ಅವರ ಕಂಪನಿ ಸೈಟಿನಲ್ಲಿ ತಾನೇ ಹುಡುಕಿ, ಜಾಬ್ ಐಡಿ ಬರೆದು, ಜೊತೆಗೇ ರೆಸ್ಯೂಮೆ ಕಳಿಸಲಿ.