“ನನ್ನನ್ನು ಅಗ್ಗ ಅನ್ನಬೇಡಿ, ಕೆಳಗೆ ಬಗ್ಗಿ ನೋಡಿ”

ನ್ಯಾಶ್‌ವಿಲ್‌ನ ಒಂದು ಗಿರವಿ ಅಂಗಡಿ. ಹುಲ್ಲು ಕತ್ತರಿಸುವ ಯಂತ್ರಕ್ಕೂ ಯಾರದೋ ಮದುವೆಯ ಕೋಟಿಗೂ ನಡುವೆ ನಾಲ್ಕು ಕಾಲೂರಿ ನಿಂತಿದ್ದದ್ದು 1970ರ ದಶಕದ ಷೋ-ಬಡ್ ಮಾವೆರಿಕ್ ಪೆಡಲ್ ಸ್ಟೀಲ್ ಗಿಟಾರು. ಕೊರಳಲ್ಲಿ ‘ಅಪರೂಪದ ವಿಂಟೇಜ್’ ಎಂಬ ಚೀಟಿ. ಪತ್ರಿಕೆಯ ಪ್ರತಿನಿಧಿ ಕುರ್ಚಿ ಎಳೆದು ಕೂತದ್ದೇ ತಡ, ಅದು ಗದರಿತು: “ಪೆಡಲಿನ ಮೇಲಿಂದ ಕಾಲು ತೆಗೀರಿ. ಮೊದಲು ಪರಿಚಯ ಆಗಲಿ.”

ಪ್ರತಿನಿಧಿ: ಮೇಲೆ ತಂತಿ, ಕೆಳಗೆ ಪೆಡಲು. ತಾವು ಗಿಟಾರೋ, ಮಗ್ಗವೋ?

ಮಾವೆರಿಕ್: ವಂಶ ಹವಾಯಿಯದು ಸ್ವಾಮಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಜೋಸೆಫ್ ಕೆಕುಕು ಎಂಬ ಹುಡುಗ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿದ ಎಂಬುದು ಮನೆತನದ ಕಥೆ. ಒಂದು ಕವಲು ನಿಮ್ಮ ಕಡೆಗೂ ಬಂತು. ಹವಾಯಿಯ ಗಿಟಾರು ವಾದಕ ಟೌ ಮೋ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿದ್ದ. 1967ರ ‘ಕಾಲ್ ಆಫ್ ದ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಬ್ರಿಜ್‌ಭೂಷಣ್ ಕಾಬ್ರಾ ಸಂತೂರ್, ಕೊಳಲುಗಳ ಜೊತೆ ಕೂತು ಗಿಟಾರಿನಲ್ಲಿ ರಾಗ ನುಡಿಸಿದರು. ಅವರಿಗೆಲ್ಲ ಕೈ ಸಾಕಾಗಿತ್ತು. ಅಮೆರಿಕದವರು ಕಾಲಿಗೂ ಕೆಲಸ ಹಚ್ಚಿದರು. 1954ರಲ್ಲಿ ಬಂದ ವೆಬ್ ಪಿಯರ್ಸ್‌ನ ‘ಸ್ಲೋಲಿ’ ಹಾಡಿನಲ್ಲಿ ಬಡ್ ಐಸಾಕ್ಸ್, ತಂತಿ ಇನ್ನೂ ನುಡಿಯುತ್ತಿರುವಾಗಲೇ ಪೆಡಲು ಒತ್ತಿ ಸ್ವರ ಏರಿಸಿದ. ಅಲ್ಲಿಂದ ಶುರುವಾಯಿತು ನೋಡಿ, ಎಲ್ಲರಿಗೂ ಪೆಡಲಿನ ಹುಚ್ಚು.

ಪ್ರತಿನಿಧಿ: ತಮ್ಮನ್ನು ‘ವಿದ್ಯಾರ್ಥಿ ಮಾದರಿ’ ಅನ್ನುತ್ತಾರೆ.

ಮಾವೆರಿಕ್: ಅದೇ ನನ್ನ ಹಣೆಬರಹ. ಷಾಟ್ ಜ್ಯಾಕ್ಸನ್, ಬಡಿ ಎಮನ್ಸ್ ಸೇರಿ 1950ರ ದಶಕದಲ್ಲಿ ಕಟ್ಟಿದ ಮನೆ ನಮ್ಮದು. ಅಣ್ಣಂದಿರಿಗೆ ಎರಡು ಕೊರಳು, ಎಂಟು ಪೆಡಲು, ಜೊತೆಗೆ ಮಂಡಿಯಿಂದ ತಳ್ಳುವ ಹಲವು ಲಿವರು. ನನಗೆ ಹತ್ತು ತಂತಿ, ಮೂರು ಪೆಡಲು, ಒಂದೇ ಒಂದು ಲಿವರು. ಇ-ನೈನ್ತ್ ಶ್ರುತಿಯಲ್ಲಿ ‘ಇ’ ತಂತಿಗಳನ್ನು ಅರ್ಧ ಸ್ವರ ಇಳಿಸಲು ಒಂದು ಲಿವರು ಬೇಕು, ಏರಿಸಲು ಇನ್ನೊಂದು. ಈಗಿನ ಪಾಠಗಳು ಇವೆರಡೂ ಇವೆ ಅಂತಲೇ ಹೊರಡುತ್ತವೆ. ಹುಡುಗ ಬಲಮಂಡಿ ತಳ್ಳುತ್ತಾನೆ, ಎಡಮಂಡಿ ತಳ್ಳುತ್ತಾನೆ, ಒಂದು ಕಡೆ ಬರೀ ಗಾಳಿ ಸಿಗುತ್ತದೆ. ಆಮೇಲೆ ‘ನನಗೆ ಸಂಗೀತ ಹತ್ತಲಿಲ್ಲ’ ಅಂತ ಅಳುತ್ತಾನೆ. ಇಲ್ಲದ್ದು ನನಗೆ ಕಣ್ರೀ, ಅವನಿಗಲ್ಲ!

ಪ್ರತಿನಿಧಿ: ಲಿವರು ಕೂಡಿಸಬಹುದಲ್ಲ?

ಮಾವೆರಿಕ್: ಧಾರಾಳವಾಗಿ. ಬಿಡಿಭಾಗ ಹುಡುಕಿ, ಕೊಂಡು, ಕೂಲಿ ಕೊಟ್ಟು ಲೆಕ್ಕ ಹಾಕಿ. ಆ ದುಡ್ಡಿಗೆ ಲಿವರುಳ್ಳ ಗಿಟಾರೇ ಸಿಗುತ್ತಿತ್ತೇನೋ.

ಪ್ರತಿನಿಧಿ ಬಿಡಲಿಲ್ಲ. ಫ್ಲೈಯಿಂಗ್ ಬರೀಟೊ ಬ್ರದರ್ಸ್ ತಂಡದ ಸ್ನೀಕಿ ಪೀಟ್ ಕ್ಲೈನೋ ಎಂಟೇ ತಂತಿಯ ಫೆಂಡರ್ 400 ಇಟ್ಟುಕೊಂಡು ಹೆಸರು ಮಾಡಲಿಲ್ಲವೇ ಎಂದು ಕೆಣಕಿದರು.

“ಮಾಡಿದ, ಮಾಡಿದ. ಸಲಾಕೆಯ ಬದಲು ಕೇಬಲ್ಲು ಎಳೆಯುವ ಗಿಟಾರು ಅದು. ಆದರೆ ಆತನ ಇನ್ನೊಂದು ಕಸುಬು ಗೊತ್ತೇ? ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಚಿತ್ರ ತೆಗೆಯುವ ಆನಿಮೇಷನ್. ಅಂಥ ತಾಳ್ಮೆಯವನಿಗೆ ಯಾವ ಗಿಟಾರೂ ಒಲಿಯುತ್ತದೆ. ನನ್ನ ಬಳಿ ಬರುವವನು ಬರುವ ಭಾನುವಾರಕ್ಕೇ ಹಾಡು ಕೇಳುತ್ತಾನೆ.”

ಅಷ್ಟರಲ್ಲಿ ಅಂಗಡಿಯವ ಬಂದು ಮರದ ಮೈಗೆ ಪಾಲಿಶ್ ಉಜ್ಜಿ ಹೋದ.

ಮಾವೆರಿಕ್: ನೋಡಿದಿರಾ? ರೋಗ ಹೊಟ್ಟೆಯಲ್ಲಿ, ಮದ್ದು ಮುಖಕ್ಕೆ! ತಂತಿಗಳನ್ನು ಏರಿಸಿ ಇಳಿಸುವ ಚೇಂಜರ್ ಒಳಗೆ ಹಳೇ ಎಣ್ಣೆ ಒಣಗಿ ಅಂಟಾಗಿದೆ. ಲೈಟರಿಗೆ ಹಾಕುವ ನಾಫ್ತಾ ಸುರಿದು, ಪೆಡಲು ಒತ್ತುತ್ತಾ ಕೊಳೆ ಕರಗಿಸಿ ಒರೆಸಬೇಕು. ಆಮೇಲೆ ತೆಳು ಎಣ್ಣೆ ಒಂದೊಂದೇ ಹನಿ. ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಇರಬಾರದು. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಭಾಗ ಬಿರುಕು ಬಿಟ್ಟಿದ್ದರೆ ಮಾತ್ರ ಎಣ್ಣೆಯಿಂದ ಏನೂ ಆಗದು, ಹೊಸದನ್ನೇ ಕಡೆಸಬೇಕು. ಪಿಕಪ್ಪಿನ ತಂತಿ ಒಳಗೆ ಕಡಿದಿದ್ದರೆ ಸುರುಳಿ ಮತ್ತೆ ಸುತ್ತಿಸಬೇಕು. ವಾಲ್ಯೂಮ್ ಪೆಡಲು ಗರಗರ ಅಂದರೆ ಹೆದರಬೇಡಿ, ಒಳಗಿನ ಪೊಟೆನ್ಷಿಯೋಮೀಟರ್ ಬದಲಿಸಿದರೆ ಮುಗಿಯಿತು.

ಪ್ರತಿನಿಧಿ: ತಂತಿ?

ಮಾವೆರಿಕ್: ಮೂರನೆಯದು, ದಪ್ಪ 0.011 ಇಂಚು. ಪೆಡಲು ಅದನ್ನು ‘ಜಿ ಶಾರ್ಪ್’ನಿಂದ ‘ಎ’ಗೆ ಎಳೆದು ಎಳೆದು ಒಂದು ದಿನ ಪಟ್ಟನೆ ಕಡಿಯುತ್ತದೆ. ತಂತಿ ಬಾಗುವ ಕಡೆ ಗೀರು ಬಿದ್ದಿದ್ದರೆ ಇನ್ನೂ ಬೇಗ. ಒಂದು ಡಜನ್ ಕೈಯಲ್ಲಿರಲಿ.

ಪ್ರತಿನಿಧಿ: ಕೊಳ್ಳಲು ಬರುವವರಿಗೆ ತಮ್ಮ ಮಾತು?

ಮಾವೆರಿಕ್: ಟಾರ್ಚು, ಟ್ಯೂನರು ತನ್ನಿ. ಪ್ರತಿ ಪೆಡಲು ಒತ್ತಿ ಬಿಟ್ಟು, ತಂತಿ ಮೊದಲಿನ ಶ್ರುತಿಗೆ ಮರಳಿತೇ ನೋಡಿ. ಕಾಲು ನಾಲ್ಕೂ ಇವೆಯೇ, ಪೆಡಲಿನ ಸಲಾಕೆ ಮೂರೂ ಇವೆಯೇ ಎಣಿಸಿ. ಪೆಟ್ಟಿಗೆ ಎತ್ತಲು ಗಟ್ಟಿಮುಟ್ಟಾದ ಗೆಳೆಯನೊಬ್ಬ ಜೊತೆಗಿರಲಿ. ಡ್ರಮ್ಸ್ ಬಾರಿಸುವವನು ಮಾತ್ರ ಬೇಡ, ನಾಳೆ ಅವನ ಸಾಮಾನೂ ನೀವೇ ಹೊರಬೇಕಾದೀತು.